ಬೆಂಗಳೂರಿಗೆ ಹೋಗದ ರಸ್ತೆಗಳು

ಬೆಂಗಳೂರಿನಲ್ಲಿ ಮಾಗಡಿ ಎಂದರೆ ಒಂದು ರಸ್ತೆಯ ಹೆಸರು. ಕನಕಪುರವೂ ಅಷ್ಟೆ. ಮಾಗಡಿ ರಸ್ತೆಯಲ್ಲಿ ಬಾಡಿಗೆ ಮನೆ, ಕನಕಪುರ ರಸ್ತೆಯಲ್ಲಿ ಸೈಟು, ಮೈಸೂರು ರಸ್ತೆಯಲ್ಲಿ ಟ್ರಾಫಿಕ್ಕು. ಮಾಗಡಿ ರಸ್ತೆಯಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲಿನದೇ ಛತ್ರದಲ್ಲಿ ಮದುವೆಯಾಗಿ, ಮಾಗಡಿಯ ಕೋಟೆ ಹೇಗಿದೆಯೆಂದು ಒಮ್ಮೆಯೂ ನೋಡದವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಅವರನ್ನು ದೂರುವಂತಿಲ್ಲ. ಹಾಲು, ತರಕಾರಿ, ಜಲ್ಲಿಕಲ್ಲು, ಕೂಲಿಗೆ ಬರುವ ಜನ ಎಲ್ಲವನ್ನೂ ನಗರಕ್ಕೆ ತಂದು ಸುರಿಯುವುದೇ ಆ ರಸ್ತೆಗಳ ಕೆಲಸ. ಒಂದೇ ಗೂಟಕ್ಕೆ ಬಿಗಿದ ಹಗ್ಗಗಳ ಹಾಗೆ ಮೂರೂ ಬೆಂಗಳೂರಿಗೇ ಬಂದು ಸುತ್ತಿಕೊಳ್ಳುತ್ತವೆ.

ನಾನು ಕಾರು ತೆಗೆದುಕೊಂಡು ಅಲೆಯುವುದು ಈ ಮೂರರ ನಡುವಿನ ಅಡ್ಡ ರಸ್ತೆಗಳಲ್ಲಿ. ಕುದೂರಿನಿಂದ ಮಾಗಡಿಗೆ, ಮಾಗಡಿಯಿಂದ ರಾಮನಗರಕ್ಕೆ, ಚನ್ನಪಟ್ಟಣದಿಂದ ಸಾತನೂರಿಗೆ, ಅಲ್ಲಿಂದ ಕನಕಪುರಕ್ಕೆ. ಬಹುತೇಕ ಒಂದೂವರೆ ಗಾಡಿಯ ಅಗಲದ ಡಾಂಬರು. ಎದುರಿಗೆ ಬಸ್ಸು ಬಂದರೆ ಯಾರಾದರೊಬ್ಬರು ಮಣ್ಣಿಗಿಳಿಯಬೇಕು, ಇಳಿಯುವವರು ಯಾವಾಗಲೂ ನಾವೇ. ಬೆಂಗಳೂರಿನ ನಂಬರಿನ ಕಾರು ಇಂಥ ಕಡೆ ಕಂಡರೆ ದಾರಿ ತಪ್ಪಿ ಬಂದಿದೆ ಎಂದೇ ಊರವರ ಲೆಕ್ಕ. ಗಾಜು ಇಳಿಸಿ ಏನನ್ನಾದರೂ ಕೇಳುವ ಮೊದಲೇ ಉತ್ತರ ಬಂದುಬಿಡುತ್ತದೆ: “ಬೆಂಗ್ಳೂರಿಗೆ ಹಿಂಗಲ್ಲ ಸಾ, ತಿರುಗಿಸ್ಕೊಳ್ಳಿ.” ಬೆಂಗಳೂರಿಗೆ ಹೋಗುತ್ತಿಲ್ಲ ಎಂದರೆ ನಂಬುವುದಿಲ್ಲ. “ಮತ್ತೆ ಇಲ್ಲೇನು ಕೆಲ್ಸ?”

ಆ ಪ್ರಶ್ನೆಗೆ ನೆಲದಲ್ಲೇ ಒಂದು ಉತ್ತರವಿದೆ. ಇಲ್ಲಿ ರಸ್ತೆಗಳು ಬೆಂಗಳೂರಿನತ್ತ ಮುಖ ಮಾಡಿದ್ದರೂ ಕಲ್ಲು ಮತ್ತು ನೀರು ಮಾಡಿಲ್ಲ. ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಯ ಪಟ್ಟಿಯೊಂದು ಉತ್ತರದಿಂದ ದಕ್ಷಿಣಕ್ಕೆ ಈ ತಾಲ್ಲೂಕುಗಳನ್ನು ಹೊಲಿದುಕೊಂಡು ಹೋಗುತ್ತದೆ. ಸಾವನದುರ್ಗ, ರಾಮದೇವರ ಬೆಟ್ಟ, ರೇವಣಸಿದ್ಧೇಶ್ವರ ಬೆಟ್ಟ ಎಲ್ಲ ಅದರದೇ ಗುಡ್ಡಗಳು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್‌ನ ನೆನಪಿಗೆ ಇಟ್ಟದ್ದು. ಊರು ಆ ಹೆಸರನ್ನು ಬಿಟ್ಟಿತು, ಕಲ್ಲು ಇಟ್ಟುಕೊಂಡಿತು. ನೀರಿನ ಕಥೆಯೂ ಹೀಗೇ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ, ಮಂಚನಬೆಲೆಯಲ್ಲಿ ನಿಂತು, ರಾಮನಗರ ಪೇಟೆಯ ಪಕ್ಕದಲ್ಲಿ ಹಾದು, ಕನಕಪುರ ಮುಟ್ಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಕಲ್ಲು ಮತ್ತು ಹೊಳೆ ಎರಡೂ ಒಂದೇ ದಿಕ್ಕಿಗೆ ಹೋಗುತ್ತಿರುವಾಗ ನಾವು ಮಾತ್ರ ಅವನ್ನು ಅಡ್ಡಲಾಗಿ ಸೀಳಿಕೊಂಡು ಮೈಸೂರಿಗೆ ಓಡುತ್ತೇವೆ.

ಓಟ ಈಗ ಇನ್ನೂ ಜೋರು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ ಮೂರನ್ನೂ ಊರ ಹೊರಗಿನಿಂದ ದಾಟಿಸಿಬಿಡುತ್ತದೆ. ಅದೇ ವರ್ಷ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ. ಅಂದರೆ ಆ ರಸ್ತೆ ಯಾರ ಹೊಲದ ಮೇಲೆ ಹೋಗಿದೆಯೋ ಅವರ ಗಾಡಿಗೆ ಅದರ ಮೇಲೆ ಜಾಗವಿಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಹೆಸರು ಬದಲಾದರೆ ಭೂಮಿಗೆ ಬೆಲೆ ಬರುತ್ತದೆ ಎನ್ನುವವರೂ, ಬೆಲೆ ಬಂದ ಮೇಲೆ ಭೂಮಿ ನಮ್ಮದಾಗಿ ಉಳಿಯುತ್ತದೆಯೇ ಎನ್ನುವವರೂ ಒಂದೇ ಅರಳಿಕಟ್ಟೆಯ ಮೇಲೆ ಕೂತಿರುತ್ತಾರೆ.

ಅಡ್ಡ ರಸ್ತೆಯ ಪ್ರಯಾಣವನ್ನು ಕುದೂರಿನಿಂದ ಶುರುಮಾಡುವುದು ಒಳ್ಳೆಯದು. ತುಮಕೂರು ಹೆದ್ದಾರಿಯ ಗದ್ದಲ ಹಿಂದೆ ಬಿದ್ದು, ಭೈರವದುರ್ಗದ ಗುಡ್ಡ ಕಾಣಿಸಿಕೊಂಡ ಮೇಲೆ ರಾಗಿ ಹೊಲ, ತೆಂಗು, ಹಿಪ್ಪುನೇರಳೆ. ಅಲ್ಲಿಂದ ಹುಲಿಕಲ್‌ಗೆ ದಾರಿ ಕೇಳಿದರೆ ಡೇರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸು ಹೇಳಿದ್ದಿಷ್ಟು: “ಸೀದಾ ಹೋಯ್ತಾ ಇರಿ ಅಣ್ಣ. ಮರ ಶುರುವಾದ್‌ಮೇಲೆ ಯಾರ್ನೂ ಕೇಳೋದ್ ಬ್ಯಾಡ.”

ಮರ ಶುರುವಾದದ್ದು ಕಣ್ಣಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ. ಮಾರ್ಚಿ ತಿಂಗಳ ಮಧ್ಯಾಹ್ನ, ಏಸಿ ಹಾಕದ ಕಾರು, ಇದ್ದಕ್ಕಿದ್ದಂತೆ ಕಿಟಕಿಯಲ್ಲಿ ತಂಪು ಗಾಳಿ. ಎರಡೂ ಬದಿಗೆ ಆಲ. ಹುಲಿಕಲ್ ಮತ್ತು ಕುದೂರಿನ ನಡುವೆ ನಾಲ್ಕು ಕಿಲೋಮೀಟರಿಗೂ ಮೀರಿ ಸಾಲಾಗಿ ನಿಂತಿರುವ 385 ಆಲದ ಮರಗಳು ಇವು. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ನೆಟ್ಟವು. ಶಾಲೆಯ ಪುಸ್ತಕದಲ್ಲಿ ಓದಿರುತ್ತೇವೆ, ಗಣರಾಜ್ಯೋತ್ಸವದ ಭಾಷಣದಲ್ಲಿ ಕೇಳಿರುತ್ತೇವೆ. ಆ ಕಾರಣಕ್ಕೇ ಇದೊಂದು ನೀತಿಕಥೆಯಾಗಿ ಮನಸ್ಸಿನಲ್ಲಿ ಕೂತುಬಿಟ್ಟಿರುತ್ತದೆ. ರಸ್ತೆಯ ಮೇಲೆ ನಿಂತು ನೋಡಿದರೆ ಅದು ಕೂಲಿಯ ಲೆಕ್ಕ. ಮೊದಲ ವರ್ಷ 10 ಗಿಡ, ಮರುವರ್ಷ 15, ಅದರ ಮರುವರ್ಷ 20. ಕೂಲಿ ಮುಗಿಸಿ ಬಂದ ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಹಾಕಿದ್ದಾರೆ, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದ್ದಾರೆ. ಗಿಡಕ್ಕೆ ದುಡ್ಡು ಕೊಡುವಂತಿರಲಿಲ್ಲ, ಆಲವನ್ನು ಆರಿಸಿಕೊಂಡದ್ದರಲ್ಲಿ ಆ ಜಾಣತನವೂ ಇದ್ದಿರಬೇಕು: ಸುತ್ತಮುತ್ತ ಸಿಗುತ್ತದೆ, ಕೊಂಬೆ ನೆಟ್ಟರೂ ಚಿಗುರುತ್ತದೆ, ಒಮ್ಮೆ ಬೇರು ಹಿಡಿದರೆ ಯಾರ ಹಂಗೂ ಬೇಡ.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಹುಲಿಕಲ್‌ಗೆ ಸೊಸೆಯಾಗಿ ಬಂದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಇನ್ನೊಂದು ಸುದ್ದಿಯೂ ಬಂತು. ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಈ ಮರಗಳು ಅಡ್ಡಿ. ತಿಮ್ಮಕ್ಕ ಮುಖ್ಯಮಂತ್ರಿಯವರ ಬಳಿ ಹೋಗಿ ಕೇಳಿಕೊಂಡರು, ಮರಗಳನ್ನು ಉಳಿಸಿಯೇ ರಸ್ತೆ ಮಾಡಿ ಎಂದು ಸರ್ಕಾರ ಇಲಾಖೆಗೆ ಹೇಳಿತು. ಬಾಗೇಪಲ್ಲಿ ಇರುವುದು ಆಂಧ್ರದ ಗಡಿಯಲ್ಲಿ, ಹಲಗೂರು ಮಳವಳ್ಳಿ ತಾಲ್ಲೂಕಿನಲ್ಲಿ. ಬೆಂಗಳೂರನ್ನು ಮುಟ್ಟದೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಅಪರೂಪದ ರಸ್ತೆಗಳಲ್ಲಿ ಅದೊಂದು. ಅದನ್ನು ಅಗಲ ಮಾಡಬಾರದು ಎಂದು ಹೇಳುವ ಧೈರ್ಯ ನನಗಿಲ್ಲ. ಆ ದಾರಿಯಲ್ಲಿ ದಿನಾ ಬಸ್ಸಿಗೆ ಕಾಯುವವನು ನಾನಲ್ಲ. ಆದರೆ ರಸ್ತೆಗಿಂತ ಮರಕ್ಕೆ ಹೆಚ್ಚು ಹಕ್ಕಿದೆ ಎಂದು ಒಂದು ಸರ್ಕಾರ ಒಂದು ಸಲವಾದರೂ ಒಪ್ಪಿಕೊಂಡ ಜಾಗ ನಮ್ಮ ನಡುವೆ ಇದೆ ಎನ್ನುವುದನ್ನು ಕಾರಿಳಿದು ನೋಡಿ ಬರಬೇಕು. 2025ರ ನವೆಂಬರ್ 14ರಂದು ತಿಮ್ಮಕ್ಕ ತೀರಿಕೊಂಡರು. 114 ವರ್ಷವಾಗಿತ್ತು ಎನ್ನುತ್ತಾರೆ.

ಮಾಗಡಿಗೆ ಹತ್ತಿರ ಕಲ್ಯ ಎಂಬ ಊರಿದೆ. ಊರಿನ ಬೆಟ್ಟ, ಮನೆಗಳು, ಕಟ್ಟೆ ನೋಡಿದರೆ ಇದು ಒಂದು ಕಾಲದ ಪಟ್ಟಣವೆಂದು ಯಾರಿಗೂ ಅನ್ನಿಸುವುದಿಲ್ಲ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ಅರಸನ ಬಳಿ ದೂರು ಕೊಂಡೊಯ್ದಾಗ ಆನೆಗೊಂದಿ, ಪೆನುಗೊಂಡೆಯವರ ಜೊತೆ ಕಲ್ಲೆಹದ ಪಟ್ಟಣದವರೂ ಇದ್ದರು. ಆ ಕಲ್ಲೆಹವೇ ಈ ಕಲ್ಯ. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಕ್ಕೂ ಭೇದವಿಲ್ಲವೆಂದು ತೀರ್ಮಾನ ಕೊಟ್ಟ. 1368ರ ಆ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಅದನ್ನು ನೋಡಲು ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಇನ್ನೊಂದು ಪ್ರತಿ ಸಿಕ್ಕಿದ್ದು ಕಲ್ಯದಲ್ಲಿ. ಇಲ್ಲಿಗೆ ಬಸ್ಸಿಳಿಯುವವರು ಊರವರು ಮಾತ್ರ. ನಾನು ಹೋದಾಗ ಕಟ್ಟೆಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದ ಅಜ್ಜಿಯೊಬ್ಬರು ಯಾವ ಮನೆಗೆ ಬಂದಿದ್ದೀರಿ ಎಂದು ಕೇಳಿದರು. ಶಾಸನದ ವಿಷಯ ಹೇಳಿದೆ. “ಅದೇನು ಈಗ ಮಾತಾಡ್ತದಾ, ನೆರಳಲ್ಲಿ ಕೂತ್ಕೋ ಬಾ” ಎಂದರು. ಹೋಗಿ ಕೂತೆ.

ಮಾಗಡಿ ಪೇಟೆಗೆ ಬಂದರೆ ಬೆಂಗಳೂರಿನ ಇನ್ನೊಂದು ಮುಖ. 1537ರಲ್ಲಿ ಬೆಂಗಳೂರು ಕಟ್ಟಿದ ಯಲಹಂಕದ ಗೌಡ ಮನೆತನ 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಕಳೆದುಕೊಂಡ ಮೇಲೆ ನೆಲೆ ನಿಂತದ್ದು ಇಲ್ಲಿ. ಮುಂದೆ ತೊಂಬತ್ತು ವರ್ಷ ಮಾಗಡಿಯೇ ಅವರ ರಾಜಧಾನಿ; 1728ರಲ್ಲಿ ಮೈಸೂರಿನವರು ಬಂದು ಅದನ್ನೂ ತೆಗೆದುಕೊಂಡರು. ಬೆಂಗಳೂರಿನಲ್ಲಿ ಕೆಂಪೇಗೌಡರ ಹೆಸರಿಲ್ಲದ ವೃತ್ತವಿಲ್ಲ, ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ಅವರ ಸಮಾಧಿ ಮಾತ್ರ ಮಾಗಡಿ ಬಳಿಯ ಕೆಂಪಾಪುರದ ಹೊಲಗಳ ನಡುವೆ 2015ರವರೆಗೆ ಯಾರ ಗಮನಕ್ಕೂ ಬಾರದೆ ಇತ್ತು. ಕೆಂಪಾಪುರದ ದಾರಿಯೂ ಬೆಂಗಳೂರಿನ ಮುಖ್ಯರಸ್ತೆಯಲ್ಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಪೇಟೆಯಲ್ಲಿ ತಿರುಮಲೆಯ ರಂಗನಾಥನ ಗುಡಿ, ಸೋಮೇಶ್ವರ, ಕೋಟೆ. ಚಳಿಗಾಲವಾದರೆ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ರಸ್ತೆ ಬದಿಗೆ ಗೋಣಿತಾಟು ಹಾಸಿ ಸುರಿದ ಅವರೆಕಾಯಿ. ಮಾಗಡಿ ಅವರೆಯ ಸೊಗಡು ಕೈಗೆ ಅಂಟಿದರೆ ಸ್ಟೇರಿಂಗಿನ ಮೇಲೆ ಸಂಜೆಯವರೆಗೂ ಇರುತ್ತದೆ.

ಅದೇ ಕಾಲಕ್ಕೆ, ಅಂದರೆ ಡಿಸೆಂಬರ್‌ನಿಂದ ಸಂಕ್ರಾಂತಿಯ ಆಸುಪಾಸಿನವರೆಗೆ, ಈ ರಸ್ತೆಗಳಲ್ಲಿ ಇನ್ನೊಂದು ವ್ಯವಹಾರ ನಡೆಯುತ್ತದೆ. ತಿರುವು ದಾಟಿದರೆ ಡಾಂಬರೇ ಕಾಣುವುದಿಲ್ಲ. ಐವತ್ತು ಮಾರು ಉದ್ದಕ್ಕೆ ರಾಗಿ ಹುಲ್ಲೋ ಹುರುಳಿ ಬಳ್ಳಿಯೋ ಹಾಸಿರುತ್ತಾರೆ. ಈ ಬದಿ ಆ ಬದಿ ಕಲ್ಲು, ನಡುವೆ ಗಾಡಿ ಹೋಗಲೇಬೇಕು. ಒಕ್ಕಣೆ ಮಾಡುವುದು ನಮ್ಮ ಚಕ್ರ. ಹಿಂದೆ ಊರ ಹೊರಗೆ ಕಣ ಇರುತ್ತಿತ್ತು. ನೆಲ ಕೆತ್ತಿ, ಸಗಣಿ ಸಾರಿಸಿ, ಎತ್ತು ಕಟ್ಟಿ ರೋಣುಗಲ್ಲು ಉರುಳಿಸುತ್ತಿದ್ದರು. ಎತ್ತುಗಳು ಹೋದವು, ಕಣದ ಜಾಗ ಸೈಟಾಯಿತು, ಆಳುಗಳು ಬೆಂಗಳೂರಿಗೆ ಕೆಲಸಕ್ಕೆ ಹೋದರು. ಉಳಿದದ್ದು ರಸ್ತೆ, ಅದು ಮಟ್ಟಸವಾಗಿದೆ, ಸರ್ಕಾರದ್ದು, ಪುಕ್ಕಟೆ. ಪ್ರತಿ ವರ್ಷ ಪೊಲೀಸರು ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಹೇಳುತ್ತಾರೆ, ಅವರು ಹೇಳುವುದರಲ್ಲಿ ತಪ್ಪಿಲ್ಲ: ಬೈಕಿನವರು ಜಾರಿ ಬೀಳುತ್ತಾರೆ, ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಕಾರು ಹೊತ್ತಿಕೊಂಡದ್ದೂ ಉಂಟು. ನನ್ನ ಕಾರಿನ ಕೆಳಗೂ ಒಮ್ಮೆ ಬಳ್ಳಿ ಸಿಕ್ಕಿಕೊಂಡು ಕರಕಲು ವಾಸನೆ ಬಂತು. ಹುರುಳಿ ಹಾಸಿದ್ದ ಹುಡುಗನೇ ಕುಡುಗೋಲು ಹಿಡಿದು ಅಡಿಗೆ ನುಗ್ಗಿ ಬಿಡಿಸಿ, “ರಿವರ್ಸ್‌ನಲ್ಲಿ ಒಂದ್ಸಲ ಬನ್ನಿ ಸಾ, ಇನ್ನೂ ಉದುರಬೇಕು” ಎಂದ. ಹೋದೆ. ಅವನ ಅಮ್ಮ ಮೊರ ತುಂಬ ಅವರೆಕಾಯಿ ತಂದು ಹಿಂದಿನ ಸೀಟಿನ ಮೇಲೆ ಸುರಿದರು. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಟೋಲ್ ನಾವು ಕೊಡುತ್ತೇವೆ. ಇಲ್ಲಿ ಅವರೇ ಕೊಟ್ಟರು.

ಸಾವನದುರ್ಗಕ್ಕೆ ಮಾಗಡಿಯಿಂದ ಹೋಗುವವರಿಗಿಂತ ಬೆಂಗಳೂರಿನಿಂದ ನೇರವಾಗಿ ಬರುವವರು ಹೆಚ್ಚು. ಭಾನುವಾರ ಬೆಳಗ್ಗೆ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. 1,226 ಮೀಟರ್ ಎತ್ತರದ ಈ ಬಂಡೆಯನ್ನು ಬಿಳಿಗುಡ್ಡ, ಕರಿಗುಡ್ಡ ಎಂದು ಎರಡಾಗಿ ಹೇಳುತ್ತಾರೆ. ಸುತ್ತಲಿನ ದಟ್ಟ ಬಿದಿರು ಕಾಡೇ ಇದರ ಮೊದಲ ಕೋಟೆಯಾಗಿತ್ತು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ದುರ್ಗವನ್ನು ಮುತ್ತಿದಾಗ ಫಿರಂಗಿ ಎಳೆಯಲು ಕಾಡು ಕಡಿದು ದಾರಿ ಮಾಡಿಕೊಳ್ಳಬೇಕಾಯಿತು. ದಾರಿಯಾದ ಮೇಲೆ ದುರ್ಗ ಹೆಚ್ಚು ದಿನ ನಿಲ್ಲಲಿಲ್ಲ. ಇಲ್ಲಿಂದ ಮಂಚನಬೆಲೆ ಅಣೆಕಟ್ಟಿನ ಕಡೆಗೆ ಇಳಿಯುವ ರಸ್ತೆ ಚೆನ್ನಾಗಿದೆ. ಅಣೆಕಟ್ಟಿನ ನೀರಿಗೆ ಮಾತ್ರ ಯಾರೂ ಇಳಿಯಬಾರದು, ಬೋರ್ಡು ಓದಿಯೂ ಇಳಿದು ಸತ್ತವರಿದ್ದಾರೆ.

ಮಾಗಡಿ ಕಡೆಯಿಂದ ರಾಮನಗರಕ್ಕೆ ಬರುವಷ್ಟರಲ್ಲಿ ಹಿಪ್ಪುನೇರಳೆಯ ಹಸಿರು ದಟ್ಟವಾಗಿರುತ್ತದೆ. ಊರವರಿಗೆ ಅದು ರೇಷ್ಮೆಸೊಪ್ಪು. ಮನೆಗಳ ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಂಕಿಗಳು ಬಿಸಿಲಿಗೆ ಒಣಗುತ್ತಿದ್ದರೆ ಆ ಮನೆಯಲ್ಲಿ ಒಂದು ಬೆಳೆ ಮುಗಿದಿದೆ ಎಂದರ್ಥ. ಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ನಾಲ್ಕು ವಾರದೊಳಗಿನ ಲೆಕ್ಕ. ನಾಲ್ಕು ಸಲ ಪೊರೆ ಬಿಡುತ್ತದೆ. ಒಂದೊಂದಕ್ಕೂ ಜ್ವರ ಎಂದು ಹೆಸರು. “ನಾಲ್ಕನೇ ಜ್ವರದಲ್ಲಿ ಅವೆ” ಎಂದು ಯಾರಾದರೂ ಹೇಳಿದರೆ ಅವರ ಮನೆಗೆ ಆ ವಾರ ನೆಂಟರು ಹೋಗಬಾರದು. ಆಮೇಲೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಮಾಗಡಿ ಕಡೆಯ ಹಲವು ಹಳ್ಳಿಗಳು ಮೈಸೂರು ತಳಿಯ ಬಿತ್ತನೆ ಗೂಡಿನ ಪ್ರದೇಶ. ಮಾರಾಟದ ಗೂಡೆಲ್ಲ ಹೋಗಿ ಬೀಳುವುದು ರಾಮನಗರದ ಮಾರುಕಟ್ಟೆಗೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಗೆ ಬೆಳಗ್ಗೆ ಹೋಗಬೇಕು. ಹಿಂದೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವ ಕಾಲವಿತ್ತಂತೆ, ಈಗ ಹರಾಜು ಕಂಪ್ಯೂಟರಿನಲ್ಲಿ. ಲಾಟು ಸುರಿದುಕೊಂಡು ನಿಂತ ರೈತನ ಮುಖದ ಲೆಕ್ಕ ಮಾತ್ರ ಅಂದಿನದೇ.

ರಾಮನಗರ ಎಂದರೆ ಹೊರಗಿನವರು ಶೋಲೆ ಎನ್ನುತ್ತಾರೆ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಆ ಸಿನಿಮಾಕ್ಕಾಗಿ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಊರನ್ನೇ ಕಟ್ಟಿದ್ದರು. ನನಗೆ ಅದರಲ್ಲಿ ಆಸಕ್ತಿ ಹುಟ್ಟಿಸಿದ ಸಂಗತಿ ಬೇರೆ. ಸಾಮಾನು ಸಾಗಿಸಲು ಹೆದ್ದಾರಿಯಿಂದ ಸೆಟ್ಟಿನವರೆಗೆ ಅವರು ರಸ್ತೆ ಮಾಡಿಸಿದರು. ಇಲ್ಲದ ಊರಿಗೆ ಮೊದಲು ರಸ್ತೆ ಬಂತು. ಇರುವ ಊರುಗಳಿಗೆ ಅದು ಬಂದದ್ದು ಎಷ್ಟೋ ತಡವಾಗಿ. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಬಿಹಾರದ ಗುಹೆಗಳನ್ನು ಬಿಟ್ಟು ಸಾವನದುರ್ಗ, ರಾಮದೇವರ ಬೆಟ್ಟಗಳನ್ನೇ ಆರಿಸಿಕೊಂಡ. ಸಿನಿಮಾದವರು ಹೋದರು, ರಣಹದ್ದುಗಳು ಉಳಿದವು. ಕಡಿದಾದ ಬಂಡೆಯ ಸೆರಗಿನಲ್ಲಿ ಗೂಡು ಮಾಡುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಈ ಬೆಟ್ಟವನ್ನು ಧಾಮವೆಂದು ಘೋಷಿಸಲಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ದೇಶದಾದ್ಯಂತ ರಣಹದ್ದುಗಳನ್ನು ಮುಗಿಸಿತ್ತು, ಅದನ್ನು ನಿಷೇಧಿಸಿದ್ದು 2006ರಲ್ಲಿ. ಇಲ್ಲಿ ಈಗ ಕಾಣುವುದು ಬೆರಳೆಣಿಕೆಯ ಹಕ್ಕಿಗಳು.

ಇಲ್ಲಿನ ರಸ್ತೆಗಳ ಬಗ್ಗೆ ಬರೆಯುವಾಗ ರಾಜಕೀಯ ಬಿಟ್ಟರೆ ಅರ್ಧ ಬಿಟ್ಟಂತೆ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ ಇಲ್ಲಿಯವರು. ರಾಮಕೃಷ್ಣ ಹೆಗಡೆ 1983ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಗೆದ್ದುಬಂದದ್ದು ಕನಕಪುರದಿಂದ, ದೇವೇಗೌಡರು 1994ರಲ್ಲಿ ರಾಮನಗರದಿಂದ. ಕುಮಾರಸ್ವಾಮಿಯವರದೂ ಇದೇ ಸೀಮೆ. ಈಗಿನ ಬಲಾಢ್ಯರ ಊರು ಯಾವುದೆಂದು ಎಲ್ಲರಿಗೂ ಗೊತ್ತು. ನಾಲ್ಕು ತಾಲ್ಲೂಕು ಸುತ್ತಿದ ಮೇಲೆ ನಾನು ಒಂದು ಸೂತ್ರ ಕಂಡುಕೊಂಡಿದ್ದೇನೆ: ಹಳ್ಳಿಗಾಡಿನಲ್ಲಿ ರಸ್ತೆ ಇದ್ದಕ್ಕಿದ್ದಂತೆ ಅಗಲವಾಗಿ, ನಡುವೆ ಬಿಳಿ ಗೆರೆ ಬಂದು, ಬೀದಿದೀಪ ಕಾಣಿಸಿಕೊಂಡರೆ ಮುಂದೆ ಯಾರೋ ದೊಡ್ಡವರ ಹುಟ್ಟೂರೋ ಅತ್ತೆಮನೆಯೋ ಇದೆ. ಆ ಊರು ದಾಟಿದ ಮರುಕ್ಷಣ ಗುಂಡಿ.

ಚನ್ನಪಟ್ಟಣಕ್ಕೆ ಹಳೆಯ ಹೆದ್ದಾರಿಯಲ್ಲೇ ಬರಬೇಕು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಕೆಂಗಲ್ ಆಂಜನೇಯನ ಗುಡಿ, ಆಮೇಲೆ ಬೊಂಬೆ ಅಂಗಡಿಗಳ ಸಾಲು. ಬೈಪಾಸ್ ಬಂದ ಮೇಲೆ ಅಂಗಡಿಯವರ ವ್ಯಾಪಾರ ಕುಸಿಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಸುದ್ದಿ. ಮೈಸೂರಿಗೆ ಹೋಗುವವರು ಕಾಫಿಗೆ ನಿಂತು, ಮಕ್ಕಳು ಹಟ ಹಿಡಿದು, ಮರದ ಕುದುರೆ ಕೊಳ್ಳುತ್ತಿದ್ದ ಏರ್ಪಾಡು ಅದು. ನಿಲ್ಲುವುದೇ ತಪ್ಪಿದರೆ ಹಟ ಹಿಡಿಯಲು ಜಾಗವೆಲ್ಲಿ? ಆದರೆ ಬೊಂಬೆಗಳು ಹುಟ್ಟುವುದು ಹೆದ್ದಾರಿಯಲ್ಲಲ್ಲ, ಹಿಂದಿನ ಗಲ್ಲಿಗಳಲ್ಲಿ. ಆಲೆಮರದ ತುಂಡನ್ನು ಲೇತಿಗೆ ಕೊಟ್ಟು, ಉಳಿ ಹಿಡಿದು ಕಡೆದು, ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಗರಿಯಿಂದ ಉಜ್ಜಿದರೆ ಹೊಳಪು. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದಕ್ಕಿದೆ. ಇನ್ನೊಂದು ಕಸುಬು ಮಾತ್ರ ಪೂರ್ತಿ ಮರೆತುಹೋಗಿದೆ. 1800ರಲ್ಲಿ ಈ ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೊಂಬೆಯ ಬದಲು ಚನ್ನಪಟ್ಟಣದ ಉಕ್ಕಿನ ತಂತಿಯ ಬಗ್ಗೆ ಬರೆದ. ವೀಣೆಯಂಥ ವಾದ್ಯಗಳಿಗೆ ಹಾಕುವ ತಂತಿ, ದೂರದೂರಕ್ಕೆ ಹೋಗುತ್ತಿತ್ತು. ಈಗ ಪೇಟೆಯಲ್ಲಿ ತಂತಿ ಮಾಡುವ ಮನೆ ಯಾವುದೆಂದು ಕೇಳಿದರೆ ಕರೆಂಟಿನ ಅಂಗಡಿ ತೋರಿಸುತ್ತಾರೆ.

ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ, ಅಂಬೆಗಾಲಿನ ಕೃಷ್ಣ ಹೆದ್ದಾರಿಗೆ ಹತ್ತಿರವಿರುವುದರಿಂದ ಜನ ತಪ್ಪುವುದಿಲ್ಲ. ಒಳಗೆ ಹೋಗುವ ಮನಸ್ಸಿದ್ದವರಿಗೆ ಕಣ್ವ ಜಲಾಶಯವಿದೆ, ವ್ಯಾಸತೀರ್ಥರ ಗುರು ಬ್ರಹ್ಮಣ್ಯತೀರ್ಥರ ಅಬ್ಬೂರಿದೆ. ತಾಲ್ಲೂಕಿನಲ್ಲಿ ಇನ್ನೊಂದನ್ನು ಗಮನಿಸಬೇಕು: ಬಯಲಿನ ನಡುವೆ ಬೇಸಿಗೆಯಲ್ಲೂ ತುಂಬಿದ ಕೆರೆಗಳು. ಶಿಂಷಾ ನದಿಗೆ ಇಗ್ಗಲೂರಿನಲ್ಲಿ ಕಟ್ಟಿದ ಬ್ಯಾರೇಜಿನಿಂದ ನೀರೆತ್ತಿ ಕೆರೆ ತುಂಬಿಸಿದ ಮೇಲೆ ತೆಂಗಿನ ಬಣ್ಣವೇ ಬೇರೆಯಾಗಿದೆ.

ಸಾತನೂರಿನ ದಾರಿ ಹಿಡಿದರೆ ಮನೆಗಳು ವಿರಳವಾಗಿ ಕುರುಚಲು ಕಾಡು ಶುರು. ಕಬ್ಬಾಳು ದುರ್ಗ ದೂರದಿಂದಲೇ ಕಾಣುತ್ತದೆ, ಬೋಳು ಬಂಡೆ. ಅರಸರ ಕಾಲದಲ್ಲಿ ಮೇಲೆ ಸೆರೆಮನೆ, ಹತ್ತಿದವರು ಇಳಿಯುತ್ತಿರಲಿಲ್ಲ. ಕೆಳಗೆ ಕಬ್ಬಾಳಮ್ಮ, ಮಂಗಳವಾರ, ಶುಕ್ರವಾರ ಹರಕೆಯವರ ಗಾಡಿಗಳು ಸಾಲುಗಟ್ಟುತ್ತವೆ. ಈ ಜನಜಂಗುಳಿಗೂ ಆಚೆಯ ಒಂದು ಕಲ್ಲುಕ್ವಾರಿಗೂ ಸಂಬಂಧವಿಲ್ಲ, ಆದರೆ ಜಗತ್ತಿನ ಭೂವಿಜ್ಞಾನಿಗಳಿಗೆ ಕಬ್ಬಾಳು ಎಂದರೆ ಆ ಕ್ವಾರಿ. ಬೂದು ಬಣ್ಣದ ಸಾಮಾನ್ಯ ಶಿಲೆ ನೆಲದಾಳದ ಶಾಖಕ್ಕೆ ಕಪ್ಪುಹಸಿರಿನ ಚಾರ್ನಕೈಟ್ ಆಗಿ ಮಾರ್ಪಡುವ ಕ್ರಿಯೆ ಇಲ್ಲಿ ಅರ್ಧಕ್ಕೇ ನಿಂತಿದೆ, ಒಂದೇ ಬಂಡೆಯಲ್ಲಿ ಎರಡನ್ನೂ ನೋಡಬಹುದು. ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬರೆದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ಈ ಕ್ವಾರಿಯಲ್ಲಿ ಕೂತು ಹೋಗಿದ್ದಾರೆ. ಸಾತನೂರಿನ ಟೀ ಅಂಗಡಿಯವರಿಗೆ ಅದು ಗೊತ್ತು. “ಫಾರಿನ್ನೋರು ಬತ್ತಾರೆ, ಕಲ್ಲು ನೆಕ್ಕಿ ನೋಡ್ತಾರೆ” ಎಂದರು. ನೆಕ್ಕುತ್ತಾರೋ ಇಲ್ಲವೋ, ಸುತ್ತಿಗೆಯಲ್ಲಿ ತುಂಡೊಡೆದು ಕಣ್ಣಿಗೆ ಹಿಡಿಯುವುದನ್ನು ದೂರದಿಂದ ನೋಡಿದರೆ ಹಾಗೇ ಕಾಣುತ್ತದೆ.

ಕನಕಪುರ ಪೇಟೆಯನ್ನು ಹಳಬರು ಇನ್ನೂ ಕಾನಕಾನಹಳ್ಳಿ ಎನ್ನುತ್ತಾರೆ. ಪೇಟೆಯೊಳಗೆ ನನಗೆ ಹೆಚ್ಚು ಕೆಲಸವಿಲ್ಲ. ಒಳ್ಳೆಯ ಊಟ ಸಿಗುತ್ತದೆ, ಪೆಟ್ರೋಲ್ ಸಿಗುತ್ತದೆ. ಅಲ್ಲಿಂದ ಕೆಳಕ್ಕೆ ಅರ್ಕಾವತಿಯ ಜೊತೆ ಹೋದರೆ ಸಂಗಮ. ಬೆಂಗಳೂರಿನ ಕೊಳಕನ್ನು ಹೊತ್ತ ವೃಷಭಾವತಿ ಬೈರಮಂಗಲದ ಕೆರೆಯನ್ನು ಕೆಡಿಸಿ ಇದೇ ಅರ್ಕಾವತಿಗೆ ಬಂದು ಸೇರುತ್ತದೆ. ರಸ್ತೆಯಲ್ಲಿ ಬೆಂಗಳೂರನ್ನು ತಪ್ಪಿಸಿಕೊಂಡು ಬಂದವರಿಗೂ ಹೊಳೆಯಲ್ಲಿ ತಪ್ಪುವುದಿಲ್ಲ. ಸಂಗಮದಲ್ಲಿ ಕಾರಿನ ದಾರಿ ಮುಗಿಯುತ್ತದೆ. ಹೊಳೆ ದಾಟಿ ಮೇಕೆದಾಟಿಗೆ ಹೋಗುವವರು ತೆಪ್ಪ ಹತ್ತಬೇಕು. 67 ಟಿಎಂಸಿ ಅಡಿ ನೀರು ನಿಲ್ಲಿಸುವ ಅಣೆಕಟ್ಟಿನ ಪ್ರಸ್ತಾವ ಇಲ್ಲಿಯದೇ. ಅದನ್ನು ಕಟ್ಟಿದರೆ ಆ ನೀರಿನಲ್ಲಿ ಒಂದು ಪಾಲು ಬೆಂಗಳೂರಿನ ನಲ್ಲಿಗೆ.

ಅಡ್ಡ ರಸ್ತೆಗಳಿಗೂ ಈಗ ಕಾಲ ಬಂದಿದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್ ಮುಟ್ಟಿ, ಕನಕಪುರ, ರಾಮನಗರ, ಮಾಗಡಿಯ ಮೇಲೆ ಮತ್ತೆ ದಾಬಸ್‌ಪೇಟೆಗೆ ಬರುವ ಸ್ಯಾಟಲೈಟ್ ಟೌನ್ ರಿಂಗ್ ರೋಡಿನ ಉದ್ದ ಸುಮಾರು 280 ಕಿ.ಮೀ. ದಾಬಸ್‌ಪೇಟೆಯಿಂದ ಹೊಸಕೋಟೆಯವರೆಗಿನ ಭಾಗ 2024ರಲ್ಲಿ ಉದ್ಘಾಟನೆಯಾಗಿದೆ. ಉಳಿದದ್ದು ಮುಗಿದರೆ ಕನಕಪುರದಿಂದ ಮಾಗಡಿಗೆ ಇರುವ ಅಡ್ಡದಾರಿ ಅಡ್ಡದಾರಿಯಾಗಿ ಉಳಿಯುವುದಿಲ್ಲ. ಸರಕು ಸಾಗಣೆಗೆ ಒಳ್ಳೆಯದು, ಬೆಂಗಳೂರಿನ ಒಳಗಿನ ಲಾರಿಗಳೂ ಕಡಿಮೆಯಾಗಬಹುದು. ಆದರೆ ಮಾಗಡಿ, ರಾಮನಗರ, ಕನಕಪುರಗಳನ್ನು ಒಂದಕ್ಕೊಂದು ಜೋಡಿಸಲು ಮೊದಲ ಬಾರಿಗೆ ಬರುತ್ತಿರುವ ದೊಡ್ಡ ರಸ್ತೆಯೂ ಬೆಂಗಳೂರಿನ ಸುತ್ತ ಎಳೆದ ಗೆರೆಯೇ ಆಗಿದೆ. ಅದರ ಮೇಲೆ ಹುರುಳಿ ಹಾಸಲು ಆಗುವುದಿಲ್ಲ ಎಂಬುದಂತೂ ಖಂಡಿತ.

ಅದಕ್ಕೆ ಮೊದಲು ಹೋಗಬೇಕೆನ್ನುವವರು ಮಾವಿನ ಕಾಲವನ್ನಾದರೂ ಆರಿಸಿಕೊಳ್ಳಿ, ಅವರೆಯ ಕಾಲವನ್ನಾದರೂ. ರಾಮನಗರದ ಮಾವು ಕೋಲಾರದ್ದಕ್ಕಿಂತ ಮೊದಲೇ ಪೇಟೆಗೆ ಬರುತ್ತದೆ, ಏಪ್ರಿಲ್‌ನಲ್ಲಿ ತೋಟದ ಬದಿಯಲ್ಲೇ ಸಿಗುತ್ತದೆ. ಶನಿವಾರ, ಭಾನುವಾರ ಬೇಡ. ಫೋನಿನ ನಕ್ಷೆ ಹತ್ತಿರದ ದಾರಿ ಎಂದು ತೋಟದ ಬದುವಿಗೆ ಕರೆದೊಯ್ಯುತ್ತದೆ, ಡೇರಿ ಮುಂದೆ ನಿಂತವರನ್ನು ಕೇಳಿದರೆ ಬಸ್ ಹೋಗುವ ದಾರಿ ಹೇಳುತ್ತಾರೆ. ಪೆಟ್ರೋಲನ್ನು ತಾಲ್ಲೂಕು ಕೇಂದ್ರದಲ್ಲೇ ತುಂಬಿಸಿಕೊಳ್ಳಿ. ಸಾತನೂರು, ಕಬ್ಬಾಳು ಕಡೆ ಇದ್ದರೆ ಹೊತ್ತು ಮುಳುಗುವ ಮುಂಚೆ ಕನಕಪುರ ಸೇರಿಕೊಳ್ಳಬೇಕು. ಕತ್ತಲಾದ ಮೇಲೆ ಆ ರಸ್ತೆ ಆನೆಗಳದ್ದು, ಹಾರ್ನ್ ಮಾಡಿದರೆ ಅವು ಮಣ್ಣಿಗಿಳಿಯುವುದಿಲ್ಲ.